ಅರ್ಧ ಕಿಲೋ ಸಕ್ಕರೆ

ಜೂನ್ 6

ಮಗಳಿಗೆ,

ಆಶೀರ್ವಾದ ಕಾಗದದ ಕೊನೆಯಲ್ಲಿದೆ. ಮೊದಲು ವಿಚಾರಣೆ.

ನಿಮ್ಮ ಪ್ರಾರ್ಥನಾ ಮಂದಿರದ ಮಾಸಪತ್ರಿಕೆ ನಿನ್ನೆ ಬಂತು. ನಿನ್ನ ‘ಪುಟ್ಟ ಹೆಜ್ಜೆ’ ಅಂಕಣವನ್ನು ಎರಡು ಸಲ ಓದಿದೆ, ಎರಡನೆಯ ಸಲ ಪೆನ್ಸಿಲ್ ಹಿಡಿದುಕೊಂಡು. ನಿನ್ನ ಮಗಳು ಏಳನೆಯ ಮೆಟ್ಟಿಲ ಮೇಲೆ ನಿಂತು, ಕಣ್ಣು ಮುಚ್ಚಿಕೊಂಡು, ಕೆಳಗಿದ್ದ ಅವಳಪ್ಪನ ತೋಳಿಗೆ ಜಿಗಿದಳಂತೆ. ಹಿಡಿಯುತ್ತೀಯಾ ಎಂದು ಒಂದು ಮಾತೂ ಕೇಳಲಿಲ್ಲವಂತೆ. ನಾವೂ ದೇವರನ್ನು ಹಾಗೆಯೇ ನಂಬಬೇಕಂತೆ.

ನಿಮ್ಮದು ಒಂದೇ ಅಂತಸ್ತಿನ ಮನೆ. ಏಳು ಮೆಟ್ಟಿಲು ಎಲ್ಲಿಂದ ಬಂದವು? ಅಳಿಯಂದಿರು ವಿದ್ಯುತ್ ಕಂಬಗಳ ಕೆಲಸಕ್ಕೆಂದು ತಿಂಗಳಿಗೆ ಇಪ್ಪತ್ತು ದಿನ ಹೊರಗಿರುತ್ತಾರೆ. ಅಂದು ಮನೆಯಲ್ಲಿದ್ದರೇ? ನೀನು ಎಲ್ಲಿ ನಿಂತು ನೋಡಿದೆ? ಐದು ವರ್ಷದ ಮಗು ಅಷ್ಟು ಎತ್ತರದಿಂದ ಜಿಗಿಯುವಾಗ ತಾಯಿಯಾದವಳು ತಡೆಯುವುದು ಬಿಟ್ಟು, ಅಂಕಣಕ್ಕೆ ವಿಷಯ ಸಿಕ್ಕಿತು ಎಂದು ನಿಂತಿದ್ದಳೇ?

ಮೂವತ್ತನಾಲ್ಕು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವನು ನಾನು. ಪೊಟ್ಟಣ ಕೈಗೆ ಬಂದ ಕೂಡಲೇ ತೂಕ ಕಡಿಮೆಯಿದ್ದರೆ ನನಗೆ ಗೊತ್ತಾಗುತ್ತದೆ. ನಿನ್ನ ಅಂಕಣದಲ್ಲಿ ಏನೋ ಕಡಿಮೆ ಬರುತ್ತಿದೆ. ಫೋನಿನಲ್ಲೇ ಕೇಳಬಹುದಿತ್ತು, ಆದರೆ ನನ್ನ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯೂ ಅದೇ ದಾರಿ ಹಿಡಿದಿದೆ. ಮೇಲಾಗಿ ಫೋನಿನಲ್ಲಿ ಆಡಿದ ಮಾತಿಗೆ ದಾಖಲೆ ಇರುವುದಿಲ್ಲ.

ಮೆಣಸಿಗೆ ತಾತನ ಮುತ್ತು. ಅಷ್ಟು ಚಿಕ್ಕದು, ಅಷ್ಟು ಖಾರ ಎಂದು ಅವಳಿಗೆ ಆ ಹೆಸರಿಟ್ಟವನು ನಾನೇ ಎಂಬುದೂ ದಾಖಲೆಯಲ್ಲಿರಲಿ. ನಿನಗೆ ಆಶೀರ್ವಾದ.

ನಿನ್ನ ಅಪ್ಪ


ಜೂನ್ 15

ಅಪ್ಪನಿಗೆ,

ನಿಮ್ಮ ನೋಟಿಸು ತಲುಪಿತು. ಆರೋಪಿಯ ಹೇಳಿಕೆ ಹೀಗಿದೆ.

ಮೆಟ್ಟಿಲು ಮನೆಯ ಹೊರಗಿದೆ, ತಾರಸಿಯ ನೀರಿನ ಟ್ಯಾಂಕಿಗೆ ಹತ್ತುವುದಕ್ಕೆ. ನೀವು ಬಂದಾಗ ಅದರ ಮೇಲೆ ಬಟ್ಟೆ ಒಣಗಿಹಾಕಿದ್ದೆ, ಹಾಗಾಗಿ ತಪ್ಪಿಸಿಕೊಂಡಿದೆ. ನಿಮ್ಮ ಕಣ್ಣಿನಿಂದಲೂ ಒಂದು ವಸ್ತು ತಪ್ಪಿಸಿಕೊಂಡಿತಲ್ಲ ಎಂದು ನನಗೆ ಸ್ವಲ್ಪ ಖುಷಿಯೇ ಆಯಿತು. ಇವರು ಅಂದು ಮನೆಯಲ್ಲಿದ್ದರು. ಮಗಳು ಜಿಗಿದದ್ದು ಮೂರನೆಯ ಮೆಟ್ಟಿಲಿನಿಂದ. ಅದನ್ನು ಏಳು ಮಾಡಿದವರು ಸಂಪಾದಕರು. ಮೂರು ಮೆಟ್ಟಿಲಿಗೆ ಓದುಗರ ಎದೆ ಧಸಕ್ ಎನ್ನುವುದಿಲ್ಲವಂತೆ.

ಇನ್ನೊಂದನ್ನೂ ಒಪ್ಪಿಕೊಳ್ಳುತ್ತೇನೆ. ಅವಳು ಒಂದು ಮಾತು ಕೇಳಿದ್ದಳು. “ಅಪ್ಪಾ, ನಿನ್ ಕೈ ಒದ್ದೆ ಇಲ್ಲ ತಾನೆ?” ಅದನ್ನು ನಾನೇ ಬಿಟ್ಟೆ. ಈಗ ಅನಿಸುತ್ತಿದೆ, ಬಿಡಬಾರದಿತ್ತು.

ಈ ತಿಂಗಳಿನದು ಬೇರೆ ಕಥೆ. ಪಕ್ಕದ ಮನೆಯ ಟೈಲರ್ ಅಕ್ಕ ಮೆಣಸಿಗೆ ಒಂದು ಕೆಂಪು ಗುಂಡಿ ಕೊಟ್ಟರು. ಅದನ್ನು ಹಿತ್ತಲಲ್ಲಿ ನೆಟ್ಟು ದಿನಾ ಲೋಟದಲ್ಲಿ ನೀರು ಹಾಕುತ್ತಿದ್ದಾಳೆ. ಅಂಗಿಯ ಗಿಡ ಬರುತ್ತದಂತೆ. ನನಗೆ ನಗು ಬಂತು, ಆಮೇಲೆ ನೆನಪಾಯಿತು: ಹೆಚ್ಚು ಕಡಿಮೆ ಅವಳ ವಯಸ್ಸಿನಲ್ಲಿ ನಾನೂ ಅಮ್ಮನ ಹೂಕುಂಡದಲ್ಲಿ ಒಂದು ಬೂದುಬಣ್ಣದ ಗುಂಡು ನೆಟ್ಟಿದ್ದೆ. ಗೋಲಿಯಷ್ಟಿತ್ತು, ಕೈಯಲ್ಲಿಟ್ಟರೆ ಭಾರ. ಏನು ಬರುತ್ತದೆಂದು ಕಾಯುತ್ತಿದ್ದೆನೋ ಈಗ ನೆನಪಿಲ್ಲ. ಪಡಸಾಲೆಯೆಲ್ಲ ಮಣ್ಣು ಮಾಡಿದೆ ಎಂದು ನೀವು ಕಿವಿ ಹಿಂಡಿದ್ದು ಮಾತ್ರ ನೆನಪಿದೆ.

ಒಂದು ವಿಷಯ, ಗಾಬರಿಯಾಗಬೇಡಿ. ಶಿಶುವಿಹಾರದಲ್ಲಿ ಮಕ್ಕಳನ್ನು ಎತ್ತಿ ಎತ್ತಿ ನನ್ನ ಬೆನ್ನಿನ ಮೂಳೆ ಸರಿದಿದೆಯಂತೆ. ಸೆಪ್ಟೆಂಬರಿನಲ್ಲಿ ಆಪರೇಷನ್. ಮೆಣಸನ್ನು ನಾಲ್ಕು ವಾರ ಟೈಲರ್ ಅಕ್ಕನ ಹತ್ತಿರ ಬಿಡುವ ಏರ್ಪಾಡಾಗಿದೆ.

ನಿಮ್ಮ ಮಗಳು


ಜೂನ್ 20

ಮಗಳಿಗೆ,

ನಿನ್ನ ಕಾಗದದ ಎರಡನೆಯ ಹಾಳೆಯಲ್ಲಿ, ಕೆಳಗಿನಿಂದ ನಾಲ್ಕನೆಯ ಸಾಲನ್ನು ನೀನು ಹೊಡೆದುಹಾಕಿದ್ದೀಯ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ‘ನಿಮ್ಮ ಹತ್ತಿರ ಬಿಡೋಣ ಅಂದುಕೊಂಡೆ, ಆದರೆ’ ಎಂದಿದೆ. ‘ಆದರೆ’ಯ ಮುಂದೆ ಮಸಿ ದಪ್ಪವಾಗಿದೆ, ಓದಲಾಗಲಿಲ್ಲ.

ಆದರೆ ಏನು?

ನನಗೆ ಎಪ್ಪತ್ತೊಂದು ವರ್ಷ, ನಿಜ. ಮಹಡಿಯ ಮೇಲಿನ ಎರಡು ಕೋಣೆಯ ಬಾಡಿಗೆ ಮನೆ, ನಿಜ. ಆದರೆ ಅಡುಗೆ ಮಾಡಿಕೊಳ್ಳುತ್ತೇನೆ, ಬಟ್ಟೆ ಒಗೆದುಕೊಳ್ಳುತ್ತೇನೆ, ಎರಡು ಹೊತ್ತು ನಡೆಯುತ್ತೇನೆ. ಹೆತ್ತ ಅಪ್ಪ ಐದು ಗಂಟೆಯ ದಾರಿಯಲ್ಲಿರುವಾಗ ಮಗುವನ್ನು ಹೊಲಿಗೆ ಮಿಷನ್ನಿನವಳ ಹತ್ತಿರ ಬಿಡುತ್ತಾರೆಯೇ? ಅವಳ ಮನೆಯಲ್ಲಿ ಸೂಜಿ, ಕತ್ತರಿ, ಇಸ್ತ್ರಿಪೆಟ್ಟಿಗೆ ಎಲ್ಲ ಮಗುವಿನ ಕೈಗೆ ಸಿಗುವಂತೆ ಬಿದ್ದಿರುತ್ತವೆ, ನಾನೇ ನೋಡಿದ್ದೇನೆ. ಯಾರಾದರೂ ನನ್ನ ಮೇಲೆ ನಿನ್ನ ಕಿವಿ ಕಚ್ಚಿದ್ದಾರೆಯೇ? ಅಳಿಯಂದಿರ ಮಾತೇ ಇದು? ಬಾಯಿಬಿಟ್ಟು ಹೇಳು.

ಗುಂಡಿಯ ವಿಷಯ: ಅವಳು ಮೂರನೆಯ ದಿನವೇ ಅಗೆದು ನೋಡಿರುತ್ತಾಳೆ. ನನ್ನ ಮೊಮ್ಮಗಳು. ಪರೀಕ್ಷಿಸಿ ತಿಳಿಸು.

ಉತ್ತರಕ್ಕೆ ಕಾಯುತ್ತಿರುವ,
ಅಪ್ಪ


ಜುಲೈ 19

ಅಪ್ಪನಿಗೆ,

ಒಂದು ತಿಂಗಳು ತಡವಾಯಿತು. ನಾಲ್ಕು ಕಾಗದ ಬರೆದು ಹರಿದೆ. ಇದು ಐದನೆಯದು, ಇದರಲ್ಲಿ ಏನನ್ನೂ ಹೊಡೆದುಹಾಕುವುದಿಲ್ಲ.

ಯಾರೂ ನನ್ನ ಕಿವಿ ಕಚ್ಚಿಲ್ಲ. ಹೋದ ಸಲ ನೀವು ಬಂದಾಗ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟು ಹೊರಗೆ ಹೋದಿರಿ. ವಾಪಸು ಬಂದವರೇ ಎಣಿಸಿದಿರಿ. ಮೆಣಸಿಗೆ, “ನೀನು ತಗೊಂಡ್ಯಾ?” ಎಂದು ಕೇಳಿದಿರಿ. “ಒಂದು ತಗೊಂಡೆ ತಾತ, ಚೆನ್ನಾಗಿತ್ತು, ನೀನೂ ತಗೋ” ಅಂದಳು. ಪರೀಕ್ಷೆ ನಡೆದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನಗೆ ಗೊತ್ತಾಯಿತು.

ಅರ್ಧ ಕಿಲೋ ಸಕ್ಕರೆ ನೆನಪಿದೆಯೇ?

ನನಗಾಗ ಆರು ವರ್ಷ. ಆ ಬೀದಿಗೆ ನಾವು ಹೊಸಬರು. ಮೂಲೆ ಅಂಗಡಿಗೆ ಅಮ್ಮ ನನ್ನನ್ನು ದಿನಾ ಕಳಿಸುತ್ತಿದ್ದಳು. ನಾನು ಯಾರ ಮಗಳೆಂದು ಅಂಗಡಿಯವರಿಗೆ ಗೊತ್ತಿರಲಿಲ್ಲ. ‘ಬಂದ್ಲಪ್ಪ ಚೀಲದ ರಾಣಿ’ ಎನ್ನುತ್ತಿದ್ದರು, ಯಾಕೆಂದರೆ ಚೀಲ ನನಗಿಂತ ಉದ್ದವಿತ್ತು. ಅಂದು ಶನಿವಾರ. ಹಿಂದಿನ ದಿನ ನೀವು ಕಿವಿ ಹಿಂಡಿದ್ದಿರಿ, ಕುಂಡದ ಮಣ್ಣಿನ ವಿಷಯಕ್ಕೆ. ಶನಿವಾರ ಬೆಳಗ್ಗೆ ನೀವಾಗಿಯೇ ಹತ್ತಿರ ಕರೆದು, “ಒಂದು ಆಟ ಆಡೋಣ. ಅರ್ಧ ಕಿಲೋ ಸಕ್ಕರೆ ತಗೊಂಡು ಅಂಗಡಿ ಬಾಗಿಲಲ್ಲೇ ನಿಂತ್ಕೋ. ಯಾರ್ ಕಳಿಸಿದ್ದು ಅಂತ ಮಾತ್ರ ಹೇಳ್ಬೇಡ” ಅಂದಿರಿ. ನನ್ನ ಜೊತೆ ರಾಜಿಯಾಗುತ್ತಿದ್ದೀರಿ ಅಂದುಕೊಂಡು ಕುಣಿಯುತ್ತಾ ಹೋದೆ.

ನನ್ನ ಹಿಂದೆಯೇ ನೀವು ನಿಮ್ಮ ಮರದ ಪೆಟ್ಟಿಗೆ ಹಿಡಿದು ಒಳಗೆ ಬಂದಿರಿ. ನನ್ನ ಕೈಯಿಂದ ಸಕ್ಕರೆ ತೆಗೆದುಕೊಂಡು ನಿಮ್ಮ ಹಿತ್ತಾಳೆಯ ತೂಕದ ಕಲ್ಲಿನೆದುರು ತೂಗಿದಿರಿ. ಸಕ್ಕರೆ ಇಪ್ಪತ್ತು ಗ್ರಾಂ ಜಾಸ್ತಿಯೇ ಇತ್ತು. “ಜಾಸ್ತಿ ಕೊಟ್ರೂ ತಪ್ಪಾ ಸ್ವಾಮಿ?” ಎಂದರು ಅಂಗಡಿಯವರು. ನೀವು ತಕ್ಕಡಿ, ಕಲ್ಲು ಎಲ್ಲ ಜಪ್ತಿ ಮಾಡಿದಿರಿ. ಅಂಗಡಿಗೆ ಬೀಗ, ಬಾಗಿಲಿಗೆ ನೋಟಿಸು. ಅವರು ನಿಮ್ಮನ್ನು ನೋಡಲಿಲ್ಲ ಅಪ್ಪ, ನನ್ನನ್ನು ನೋಡಿದರು. ಆ ನೋಟ ಮೂವತ್ತು ವರ್ಷದಿಂದ ನನ್ನ ಬೆನ್ನ ಹಿಂದೆ ಇದೆ.

ಅಂದಿನಿಂದ ಯಾರು ಏನೇ ಕೆಲಸ ಹೇಳಿದರೂ, ಇದು ನಿಜವಾಗಿಯೂ ಆ ಕೆಲಸವೇನಾ ಅಂತ ಹುಡುಕುತ್ತೇನೆ. ಇವರು ಹೂ ತಂದರೆ ಏನು ತಪ್ಪು ಮಾಡಿ ಬಂದರೋ ಅಂತ ನೋಡುತ್ತೇನೆ. ಪ್ರಾರ್ಥನೆಗೆ ಕಣ್ಣು ಮುಚ್ಚಿದರೂ ಒಂದು ಕಣ್ಣು ಅರ್ಧ ತೆರೆದೇ ಇರುತ್ತದೆ. ನನ್ನ ಹತ್ತಿರ ನಂಬಿಕೆ ಅನ್ನುವುದೇ ಇಲ್ಲ. ಅದು ನನ್ನ ಮಗಳ ಹತ್ತಿರವಿದೆ. ಅವಳನ್ನು ನೋಡಿ ಬರೆದುಕೊಳ್ಳುತ್ತೇನೆ, ಅಷ್ಟೇ ನನ್ನ ಅಂಕಣ. ನಿಮಗೆ ಕಡಿಮೆ ಅನ್ನಿಸಿದ್ದು ಅದೇ ಇರಬೇಕು.

ಹೊಡೆದುಹಾಕಿದ ಸಾಲು ಇದು: ನಿಮ್ಮ ಹತ್ತಿರ ಬಿಡೋಣ ಅಂದುಕೊಂಡೆ, ಆದರೆ ನೀವು ಅವಳನ್ನು ಪರೀಕ್ಷೆ ಮಾಡುತ್ತೀರಿ.

ಗುಂಡಿಯನ್ನು ಅವಳು ಅಗೆದಿಲ್ಲ. ಐದು ವಾರ ದಾಟಿತು.

ನಿಮ್ಮ ಮಗಳು


ಜುಲೈ 26

ಮಗಳಿಗೆ,

ಮೊದಲು ಅಂಕಿ ಸರಿಪಡಿಸುತ್ತೇನೆ. ಆ ವರ್ಷದ ದಿನಚರಿ ನನ್ನ ಟ್ರಂಕಿನಲ್ಲಿದೆ, ತೆಗೆದು ನೋಡಿದೆ. ವ್ಯತ್ಯಾಸ ಇಪ್ಪತ್ತು ಗ್ರಾಂ ಅಲ್ಲ, ಇಪ್ಪತ್ತೆರಡು ಗ್ರಾಂ. ಕಲ್ಲಿಗೆ ಕಲ್ಲು ಇಟ್ಟು ನೋಡಿದಾಗಲೂ ಅವನ ಅರ್ಧ ಕಿಲೋ ಕಲ್ಲು ನನ್ನದಕ್ಕಿಂತ ಅಷ್ಟೇ ಭಾರವಿತ್ತು.

ಜಾಸ್ತಿಯೂ ತಪ್ಪೇ. ಒಬ್ಬರಿಗೆ ಜಾಸ್ತಿ ಕೊಡುವವನು ಇನ್ನೊಬ್ಬರಿಗೆ ಕಡಿಮೆ ಕೊಡುವುದಿಲ್ಲ ಎಂದು ಏನು ಖಾತರಿ? ಅವನು ನಿನ್ನನ್ನು ರಾಣಿ ಎಂದು ಕರೆದ ಮಾತ್ರಕ್ಕೆ ತಕ್ಕಡಿ ಸರಿಯಾಗಿಬಿಡುತ್ತದೆಯೇ? ಸಿಹಿ ಮಾತಾಡುವವರನ್ನೇ ನಾನು ಮೊದಲು ಹಿಡಿಯುತ್ತಿದ್ದೆ. ಪರೀಕ್ಷೆಗೆ ಗುರುತಿಲ್ಲದ ಗಿರಾಕಿಯನ್ನು ಕಳಿಸುವುದು ಇಲಾಖೆಯ ಪದ್ಧತಿ. ಅಂದು ನನಗೆ ಬೇರೆ ಯಾರೂ ಸಿಗಲಿಲ್ಲ.

ಬಿಸ್ಕತ್ತನ್ನು ನಾನು ಅಭ್ಯಾಸಬಲದಿಂದ ಎಣಿಸುತ್ತೇನೆ. ಮೆಟ್ಟಿಲನ್ನೂ ಎಣಿಸುತ್ತೇನೆ, ಮಾತ್ರೆಯನ್ನೂ ಎಣಿಸುತ್ತೇನೆ.

ಇನ್ನು ನಿನ್ನ ತಪ್ಪೊಪ್ಪಿಗೆ. ನಂಬಿಕೆಯೇ ಇಲ್ಲ ಎನ್ನುವವಳು ತಿಂಗಳು ತಿಂಗಳು ಊರಿಗೆಲ್ಲ ನಂಬಿಕೆಯ ಪಾಠ ಹೇಳುವುದಕ್ಕೆ ನಮ್ಮ ಇಲಾಖೆಯಲ್ಲಿ ಏನೆನ್ನುತ್ತಾರೆಂದು ನಿನಗೆ ಗೊತ್ತಿದೆ. ನಾನು ಬರೆಯುವುದಿಲ್ಲ.

ಮಗುವನ್ನು ಎಲ್ಲಿ ಬೇಕಾದರೂ ಬಿಡು.

ಅಪ್ಪ


ಆಗಸ್ಟ್ 28

ಅಪ್ಪನಿಗೆ,

ಟೈಲರ್ ಅಕ್ಕನ ಮಗಳಿಗೆ ಹೆರಿಗೆ ಎರಡು ತಿಂಗಳು ಮುಂಚೆಯೇ ಆಯಿತು. ಅಕ್ಕ ಓಡಿದರು. ನನ್ನ ಆಪರೇಷನ್ ಮೂರನೇ ತಾರೀಕು, ಮುಂದೂಡಿದರೆ ಎಡಗಾಲಿನ ಬಲ ಹೋಗಬಹುದೆಂದು ಡಾಕ್ಟರ್ ಹೇಳಿದ್ದಾರೆ. ಬೇರೆ ದಾರಿಯಿಲ್ಲದೆ ಕೇಳುತ್ತಿದ್ದೇನೆ. ಸುಳ್ಳು ಹೇಳಿ ಸಿಹಿ ಮಾಡಲಾರೆ.

ಭಾನುವಾರ ಇವರು ಮೆಣಸನ್ನು ಕರೆದುಕೊಂಡು ಬರುತ್ತಾರೆ. ಷರತ್ತುಗಳಿವೆ. ಅವಳ ಮುಂದೆ ಏನನ್ನೂ ಎಣಿಸಬೇಡಿ. ಅವಳು ಹೇಳಿದ್ದನ್ನು ಹಿಂದಿನಿಂದ ಪರೀಕ್ಷೆ ಮಾಡಬೇಡಿ. ಅಂಗಡಿಗೆ ಕಳಿಸಬೇಡಿ, ಯಾವ ಅಂಗಡಿಗೂ, ಯಾವ ಕಾರಣಕ್ಕೂ. ಎರಡು ದಿನಕ್ಕೊಮ್ಮೆ ಕಾರ್ಡು ಬರೆಯಿರಿ. ಅವಳಿಗೆ ಅಕ್ಷರ ಬರುತ್ತದೆ, ಕೆಳಗೆ ಅವಳ ಕೈಯಲ್ಲೂ ಒಂದು ಸಾಲು ಬರೆಸಿ, ಆಗ ನನಗೆ ಗೊತ್ತಾಗುತ್ತದೆ.

ನಾನೂ ಇನ್ಸ್‌ಪೆಕ್ಟರ್ ಮಗಳೇ.

ನಿಮ್ಮ ಮಗಳು


ಸೆಪ್ಟೆಂಬರ್ 5

ಮಗಳಿಗೆ,

ಆಪರೇಷನ್ ಸುಗಮವಾಯಿತೆಂದು ಅಳಿಯಂದಿರು ಕೆಳಗಿನ ಕನ್ನಡಕದ ಅಂಗಡಿಗೆ ಫೋನ್ ಮಾಡಿ ತಿಳಿಸಿದರು. ಅಂಗಡಿಯವನು ನನ್ನ ಬಲಗಿವಿಗೆ ಮೂರು ಸಲ ಕೂಗಿ ಹೇಳಿದ. ಕುಳಿತು ಅತ್ತೆ. ಮೆಣಸು ನೀರು ತಂದುಕೊಟ್ಟಳು.

ಎಲ್ಲರೂ ನನ್ನನ್ನು ಅನುಮಾನದ ಮನುಷ್ಯ ಎನ್ನುತ್ತೀರಿ. ಈ ಹುಡುಗಿಯನ್ನು ನೋಡು. ಬೆಳಗ್ಗೆ ಎದ್ದವಳೇ, “ತಾತ, ಹಲ್ಲು ಉಜ್ಜಿದ್ಯಾ? ಬಾಯಿ ಬಿಡು, ನೋಡೋಣ” ಎನ್ನುತ್ತಾಳೆ. ಹಲ್ಲಿನ ಸೆಟ್ಟನ್ನು ತೆಗೆದು ತೋರಿಸಿದೆ. ಅಂದಿನಿಂದ ಬಹಳ ಗೌರವ.

ಬಿಸ್ಕತ್ತಿನ ಡಬ್ಬಿಯನ್ನು ಅವಳ ಕೈಗೇ ಕೊಟ್ಟಿದ್ದೇನೆ. ಎಷ್ಟಿವೆಯೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದೆ ಇರುವುದು ಬಹಳ ಕಷ್ಟ.

ಅಪ್ಪ

ಅಮ್ಮಾ ನಾನು ಇನ್ನೊಂದು ಗುಂಡಿ ತಂದಿದೆ ತಾತನ ಕುಂಡದಲಿ ನೆಟ್ಟೆ


ಸೆಪ್ಟೆಂಬರ್ 12

ಮಗಳಿಗೆ,

ಇದು ಕಾರ್ಡಿನಲ್ಲಿ ಹಿಡಿಸುವ ವಿಷಯವಲ್ಲ. ಹಾಸಿಗೆಯಲ್ಲಿ ಒರಗಿ ಕುಳಿತು ಓದು. ಮಗು ಆರೋಗ್ಯವಾಗಿದ್ದಾಳೆ, ಅದನ್ನು ಮೊದಲೇ ಹೇಳುತ್ತೇನೆ.

ಮಂಗಳವಾರ ಅವಳಿಗೆ ಆಡಲು ಏನೂ ಇರಲಿಲ್ಲ. ನನ್ನ ಹಳೆಯ ಪೆಟ್ಟಿಗೆ ತೆಗೆದುಕೊಟ್ಟೆ. ಮಖಮಲ್ಲಿನ ಗುಳಿಗಳಲ್ಲಿ ಕುಳಿತ ಹಿತ್ತಾಳೆ ಕಲ್ಲುಗಳು, ನಿನಗೆ ಗೊತ್ತಿರುವ ಪೆಟ್ಟಿಗೆಯೇ. ಅವಳು ಅವುಗಳಿಗೆ ಸ್ನಾನ ಮಾಡಿಸಿ, ಒಂದೊಂದನ್ನೂ ಬೋರಲು ಮಲಗಿಸಿ ಬೆನ್ನು ಒರೆಸುತ್ತಿದ್ದಳು. ಒಂದನ್ನು ಎತ್ತಿಕೊಂಡು ಬಂದಳು. “ತಾತ, ಇವನಿಗೆ ಹೊಟ್ಟೇಲಿ ತೂತಿದೆ. ಪಾಪ, ಊಟ ಮಾಡಿಲ್ಲ.”

ಅರ್ಧ ಕಿಲೋ ಕಲ್ಲು. ಆ ಕಲ್ಲುಗಳ ತಳದಲ್ಲಿ ಒಂದು ಕುಳಿ ಇರುತ್ತದೆ, ಕುಳಿಯಲ್ಲಿ ಸೀಸ ತುಂಬಿರುತ್ತದೆ. ಅದು ಸೇರಿದರೇ ತೂಕ ಪೂರ್ತಿ. ಇದರ ಕುಳಿ ಖಾಲಿ. ಅವಳ ಕಿರುಬೆರಳು ಪೂರ್ತಿ ಒಳಗೆ ಹೋಗುತ್ತಿತ್ತು.

ಪೆಟ್ಟಿಗೆ ಹಿಡಿದು, ಮಗುವನ್ನು ಕರೆದುಕೊಂಡು ಅಂಚೆ ಕಚೇರಿಗೆ ಹೋದೆ. ಅಲ್ಲಿ ಪಾರ್ಸಲ್ ತೂಗುವ ಯಂತ್ರವಿದೆ. “ಎಲ್ಲಿಗೆ ಕಳಿಸ್ಬೇಕು ಇದನ್ನ?” ಎಂದ ಗುಮಾಸ್ತ. ಎಲ್ಲಿಗೂ ಇಲ್ಲ, ತೂಗಿ ಹೇಳಿದರೆ ಸಾಕು ಎಂದೆ. “ಬರೀ ತೂಗ್ಸೋಕೆ ಇದೇನ್ ರದ್ದಿ ಅಂಗಡೀನಾ ಯಜಮಾನ್ರೇ?” ಎಂದು ಗೊಣಗಿದರೂ ಇಟ್ಟ. ಒಂದು ಕಿಲೋ ಕಲ್ಲು ಸರಿಯಾಗಿ ಒಂದು ಕಿಲೋ. ಇನ್ನೂರು ಗ್ರಾಂ ಕಲ್ಲು ಸರಿಯಾಗಿ ಇನ್ನೂರು. ಅರ್ಧ ಕಿಲೋ ಕಲ್ಲು ನಾನೂರ ಎಪ್ಪತ್ತೆಂಟು ಗ್ರಾಂ. ಮೂರು ಸಲ ತೂಗಿಸಿದೆ. ಹಿಂದೆ ಸಾಲು ನಿಂತವರು ಬೈಯತೊಡಗಿದರು.

ಇಪ್ಪತ್ತೆರಡು ಗ್ರಾಂ ಕಡಿಮೆ. ಜುಲೈ ಕಾಗದದಲ್ಲಿ ನಿನ್ನನ್ನು ತಿದ್ದಲು ನಾನೇ ಬರೆದ ಅಂಕಿ.

ಮಗಳೇ, ಆ ಅಂಗಡಿಯವರ ತಕ್ಕಡಿ ಸರಿಯಾಗಿತ್ತು, ಕಲ್ಲು ಸರಿಯಾಗಿತ್ತು. ಸುಳ್ಳು ನನ್ನ ಪೆಟ್ಟಿಗೆಯಲ್ಲಿತ್ತು. ಆ ಶನಿವಾರ ಕಳೆದು ಸೋಮವಾರವೇ ಇಲಾಖೆಯಿಂದ ಹೊಸ ಪೆಟ್ಟಿಗೆ ಬಂತು, ಹಳೆಯದನ್ನು ನೆನಪಿಗೆಂದು ಕೇಳಿ ಮನೆಗೆ ತಂದೆ. ಹಾಗಾಗಿ ತಪ್ಪು ಇನ್ನೊಂದು ಅಂಗಡಿಯಲ್ಲಿ ಬಯಲಾಗಲಿಲ್ಲ. ಪ್ರತಿ ಪರೀಕ್ಷೆಗೆ ಮುಂಚೆ ಕಲ್ಲುಗಳನ್ನು ತಲೆಕೆಳಗು ಮಾಡಿ ನೋಡಬೇಕೆಂಬುದು ಪುಸ್ತಕದ ಮೊದಲ ನಿಯಮ. ನಾನು ನೋಡಲಿಲ್ಲ. ಲೋಕವನ್ನೆಲ್ಲ ಅನುಮಾನಿಸಿದೆ, ನನ್ನ ಪೆಟ್ಟಿಗೆಯನ್ನು ಮಾತ್ರ ಕಣ್ಣು ಮುಚ್ಚಿ ನಂಬಿದೆ. ಹಿತ್ತಾಳೆ ಹೊಳೆಯುತ್ತಿತ್ತು, ಅಷ್ಟು ಸಾಕಾಯಿತು.

ನನಗೆ ನಾಚಿಕೆಯಾಗುತ್ತಿದೆ. ಮೂಲೆ ಅಂಗಡಿ ನಮ್ಮ ಮನೆಯಿಂದ ನಾಲ್ಕನೆಯ ಬಾಗಿಲು. ಮೂವತ್ತು ವರ್ಷದಿಂದ ನಾನು ಹಿಂದಿನ ಬೀದಿಯಿಂದ ಸುತ್ತಿ ಓಡಾಡುತ್ತೇನೆ, ಅಡ್ಡಾಡಿದರೆ ಆರೋಗ್ಯಕ್ಕೆ ಒಳ್ಳೆಯದು ಎಂದು ಎಲ್ಲರಿಗೂ ಹೇಳುತ್ತಾ. ನಾಳೆ ಮುಂದಿನಿಂದ ಹೋಗುತ್ತೇನೆ.

ಅಪ್ಪ

ತಾತ ಅಳತಾನೆ ನಾನು ಅವನಿಗೆ ನೀರು ಕೊಟೆ ಈ ಸಲ ಎರಡು ಲೋಟ


ಸೆಪ್ಟೆಂಬರ್ 17

ಅಪ್ಪ,

ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೇರೆ ಅರ್ಥ ಹುಡುಕಬೇಡಿ.

ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ನಿಮ್ಮ ಮೇಲೆ ಸಿಟ್ಟು ಬಂತು. ಎರಡನೆಯ ಸಲ ಅಯ್ಯೋ ಅನ್ನಿಸಿತು. ಮೂರನೆಯ ಸಲ ಓದುವಾಗ ಸೀಸದ ಸಾಲಿನಲ್ಲೇ ನಿಂತುಬಿಟ್ಟೆ.

ಆ ಸೀಸ ಎಲ್ಲಿ ಹೋಯಿತು ಅಪ್ಪ?

ಜೂನ್‌ನಲ್ಲಿ ನಾನೇ ನಿಮಗೆ ಬರೆದಿದ್ದೆ. ಬೂದುಬಣ್ಣದ ಗುಂಡು. ಗೋಲಿಯಷ್ಟಿತ್ತು, ಕೈಯಲ್ಲಿಟ್ಟರೆ ಭಾರ. ಅದನ್ನು ಕುಂಡದಲ್ಲಿ ನೆಟ್ಟದ್ದು ಶುಕ್ರವಾರ, ಸಕ್ಕರೆ ತಂದದ್ದು ಶನಿವಾರ. ನಿಮ್ಮ ಮೇಜಿನ ಕೆಳಗೆ ಅದು ಬಿದ್ದಿತ್ತೋ, ಪೆಟ್ಟಿಗೆ ತೆರೆದು ನಾನೇ ಕೆದಕಿ ತೆಗೆದೆನೋ, ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುತ್ತಿಲ್ಲ. ಆ ಅಂಗಡಿಗೆ ಬೀಗ ಹಾಕಿಸಿದವಳು ನಾನೇನಾ? ಅದಕ್ಕೇ ಅವರು ನನ್ನನ್ನು ಹಾಗೆ ನೋಡಿದರೇ?

ಅಮ್ಮನ ಕುಂಡ ಈಗಲೂ ನಿಮ್ಮ ಕಿಟಕಿಯಲ್ಲಿದೆ. ಅಗೆದರೆ ಗೊತ್ತಾಗುತ್ತದೆ. ಅಗೆದು ನೋಡಿ, ನಿಜ ಬರೆಯಿರಿ. ನೀವು ಸುಳ್ಳು ಹೇಳುವವರಲ್ಲ, ಅಷ್ಟು ಮಾತ್ರ ನನಗೆ ಯಾವಾಗಲೂ ಗೊತ್ತಿತ್ತು.

ನಿಮ್ಮ ಮಗಳು


ಸೆಪ್ಟೆಂಬರ್ 21

ಮಗಳಿಗೆ,

ಆಶೀರ್ವಾದ. ಈ ಸಲ ಮೊದಲೇ.

ನೀನು ಕೇಳಿದ್ದು ನನಗೆ ಅಂಚೆ ಕಚೇರಿಯಿಂದ ವಾಪಸು ಬರುವ ದಾರಿಯಲ್ಲೇ ಹೊಳೆದಿತ್ತು. ಮನೆಗೆ ಬಂದು ನಿನ್ನ ಜೂನ್ ಕಾಗದ ತೆಗೆದು ಓದಿದೆ. ಚಮಚ ಹಿಡಿದುಕೊಂಡು ಕುಂಡದ ಮುಂದೆ ನಿಂತೆ. ಕೈ ಎಷ್ಟು ತುರಿಸಿತೆಂದು ನಿನಗೆ ಹೇಳಬೇಕಾಗಿಲ್ಲ.

ಹಿಂದಿನಿಂದ ಕೂಗು ಬಂತು. “ತಾತಾ! ಅಗೀಬೇಡ! ಅಗೆದು ನೋಡಿದ್ರೆ ಬರಲ್ಲ!”

ಅವಳ ಗುಂಡಿ ಅದೇ ಕುಂಡದಲ್ಲಿದೆಯಲ್ಲ. “ಬರದೇ ಇದ್ರೆ ಏನ್ ಮಾಡ್ತೀಯ?” ಎಂದು ಕೇಳಿದೆ. ಸ್ವಲ್ಪ ಯೋಚಿಸಿ, “ನೀರು ಹಾಕ್ತೀನಿ” ಅಂದಳು. ಚಮಚ ಒಳಗಿಟ್ಟೆ. ಅದರ ಅಡಿಯಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ಇದು ನನ್ನ ಪ್ರಾಮಾಣಿಕ ಹೇಳಿಕೆ. ಮುಂದೆಯೂ ಗೊತ್ತು ಮಾಡಿಕೊಳ್ಳುವುದಿಲ್ಲ. ಒಂದು ವೇಳೆ ಆ ಸೀಸ ಅಲ್ಲೇ ಇದ್ದರೂ, ಕಲ್ಲನ್ನು ತಿರುಗಿಸಿ ನೋಡಬೇಕಾದದ್ದು ಇನ್ಸ್‌ಪೆಕ್ಟರ್, ಆರು ವರ್ಷದ ಮಗುವಲ್ಲ. ನಿನ್ನ ಕಿವಿ ಹಿಂಡಿದ್ದು ತಪ್ಪು. ಮಾರನೆಯ ದಿನ ಆಟ ಎಂದು ಹೇಳಿ ಕಳಿಸಿದ್ದು ಅದಕ್ಕಿಂತ ದೊಡ್ಡ ತಪ್ಪು. ಪದ್ಧತಿ, ಇಲಾಖೆ ಎಂದು ಬರೆದದ್ದನ್ನೆಲ್ಲ ಹೊಡೆದುಹಾಕು, ದಪ್ಪ ಮಸಿಯಿಂದ.

ಮೆಣಸನ್ನು ಕರೆದುಕೊಂಡು ಮೂಲೆ ಅಂಗಡಿಗೆ ಹೋಗಿದ್ದೆ. ಈಗ ಅವರ ಸೊಸೆ ವ್ಯಾಪಾರ ನೋಡಿಕೊಳ್ಳುತ್ತಾಳೆ. ಅವರು ಒಳಗೆ ಕುರ್ಚಿಯಲ್ಲಿ ಕೂತಿರುತ್ತಾರೆ, ಕಣ್ಣು ಮಂಜಾಗಿದೆ. ಕಲ್ಲನ್ನು ಅವರ ಅಂಗೈಯಲ್ಲಿಟ್ಟೆ. ಬೆರಳಿನಿಂದ ತಳ ಸವರಿದರು, ಕುಳಿ ಸಿಕ್ಕಿತು. ನಾನು ಯಾರೆಂದು ಹೇಳುವ ಮೊದಲೇ ಅವರಿಗೆ ಗೊತ್ತಾಯಿತು.

ಕುಳಿಯನ್ನು ಇನ್ನೊಮ್ಮೆ ಸವರಿ ನೋಡಿದರು. ಆಮೇಲೆ, “ನನ್ನ ಕಲ್ಲು ಸರಿ ಇದೆ ಅಂತ ನಂಗೆ ಗೊತ್ತಿತ್ತು ಸ್ವಾಮಿ. ಆದ್ರೆ ನೋಟಿಸ್ ನೋಡೀ ನೋಡೀ ನಂಗೇ ನನ್ನ ಮೇಲೆ ಅನುಮಾನ ಬಂತು. ಅವತ್ತಿಂದ ಪ್ರತಿ ಗಿರಾಕಿಗೂ ಎರಡೆರಡು ಸಲ ತೂಗಿದೀನಿ. ಮೂವತ್ತು ವರ್ಷ” ಅಂದರು. ಬೈದಿದ್ದರೆ ಸಹಿಸಬಹುದಿತ್ತು. ಕ್ಷಮೆ ಕೇಳಿದೆ. ಕೊಟ್ಟೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಕಲ್ಲನ್ನು ತಾವೇ ಇಟ್ಟುಕೊಂಡರು.

ಅಷ್ಟರಲ್ಲಿ ಮೆಣಸು ಅವರ ಮೊಣಕಾಲು ಹಿಡಿದು ನಿಂತಳು. ತಲೆ ಸವರಿ, “ಆ ಚೀಲದ ರಾಣಿ ಏನಾದ್ಲು?” ಎಂದು ಕೇಳಿದರು. ಇವಳು ಅವಳ ಮಗಳು ಎಂದೆ. “ಅವತ್ತು ಆ ಮಗು ನಡುಗ್ತಾ ನಿಂತಿತ್ತು. ನಿಂದೇನೂ ತಪ್ಪಿಲ್ಲ ಕಣಮ್ಮ ಅಂತ ಹೇಳ್ಬೇಕು ಅಂತ ಅದನ್ನೇ ನೋಡ್ತಿದ್ದೆ. ನೀವಿದ್ರಲ್ಲ, ಬಾಯಿ ಬರ್ಲಿಲ್ಲ.”

ಇದು ಅವರು ಹೇಳಿದ ಮಾತು, ಒಂದು ಅಕ್ಷರವನ್ನೂ ನಾನು ಏರಿಸಿಲ್ಲ, ಇಳಿಸಿಲ್ಲ. ಆ ನೋಟವನ್ನು ಇನ್ನು ಬೆನ್ನ ಹಿಂದೆ ಹೊರಬೇಡ. ಬೆನ್ನಿಗೆ ಈಗತಾನೇ ಆಪರೇಷನ್ ಆಗಿದೆ.

ಇನ್ನೇನಿಲ್ಲ. ನಾಲ್ಕು ದಿನದಿಂದ ಮನೆಯಲ್ಲಿ ಸಕ್ಕರೆ ಮುಗಿದಿದೆ. ಮಂಡಿನೋವು ಹಿಡಿದುಕೊಂಡು ನನಗೆ ಮೆಟ್ಟಿಲಿಳಿಯಲು ಆಗುತ್ತಿಲ್ಲ. ಮೆಣಸು ಚೀಲ ಹಿಡಿದುಕೊಂಡು, “ನಾನ್ ಹೋಗ್ತೀನಿ ತಾತ, ನಾಲ್ಕೇ ಬಾಗ್ಲು” ಎಂದು ಪ್ರಾಣ ತಿನ್ನುತ್ತಾಳೆ. ಷರತ್ತು ಷರತ್ತೇ. ಚಹಾ ಸಪ್ಪೆಯಾಗಿಯೇ ಕುಡಿಯುತ್ತಿದ್ದೇನೆ.

ನಿನ್ನ ಅಪ್ಪ

ಅಮ್ಮಾ ಗುಂಡಿ ಇನ್ನೂ ಬಂದಿಲ ಆದರೆ ಬರತದೆ


ಸೆಪ್ಟೆಂಬರ್ 25

ಅಪ್ಪ,

ನಿನ್ನೆ ಹಿಡಿದುಕೊಳ್ಳದೆ ಹತ್ತು ಹೆಜ್ಜೆ ನಡೆದೆ. ಇವರು ಹಿಂದೆ ನಿಂತಿದ್ದರು. ತಿರುಗಿ ನೋಡಲಿಲ್ಲ.

ಕುಂಡ ಹಾಗೇ ಇರಲಿ.

ಈ ಭಾನುವಾರ ಮೆಣಸನ್ನು ಕರೆತರಲು ಇವರು ಬರುವುದಾಗಿತ್ತು, ಬೇಡವೆಂದಿದ್ದೇನೆ. ನನ್ನ ಕಾಲು ಗಟ್ಟಿಯಾದ ಮೇಲೆ ನಾನೇ ಬರುತ್ತೇನೆ. ಮೂಲೆ ಅಂಗಡಿಯಲ್ಲಿ ನನಗೂ ಒಂದು ಕೆಲಸವಿದೆ. ಅಲ್ಲಿಯವರೆಗೆ ಅವಳು ನಿಮ್ಮ ಹತ್ತಿರವೇ ಇರಲಿ. ಎರಡು ದಿನಕ್ಕೊಮ್ಮೆ ಕಾರ್ಡು ಬರೆಯಬೇಕಾಗಿಲ್ಲ.

ಸಕ್ಕರೆಗೆ ಅವಳನ್ನೇ ಕಳಿಸಿ.

ನಿಮ್ಮ ಮಗಳು